ಬೆಟ್ಟಕ್ಕೆ ಹೊರಟವರ ಬುತ್ತಿ

ಹೀನಾ ಅಡುಗೆಮನೆಯ ಗೋಡೆಗೆ ಅಂಟಿಸಿದ್ದ ಕಾಗದದಲ್ಲಿ ಮೂರು ಅಂಗಡಿಗಳ ಹೆಸರಿದ್ದವು, ಪಕ್ಕದಲ್ಲಿ ನಿಮಿಷಗಳು. ಮುರುಗೇಂದ್ರಪ್ಪಜ್ಜನ ಹೋಟೆಲು, ಇಪ್ಪತ್ತೈದು ನಿಮಿಷ. ಯರ್ರಮ್ಮನ ಮಂಡಕ್ಕಿ, ಹದಿನೈದು. ಅಸ್ಲಂ ಚಾಚಾನ ಚಹಾ, ಹತ್ತು. ಉಳಿದದ್ದು ನಡಿಗೆಗೆ. ಎಲ್ಲಕ್ಕಿಂತ ಕೆಳಗೆ ಕೆಂಪು ಶಾಯಿಯಲ್ಲಿ, ಹತ್ತು ಗಂಟೆಗೆ ಬಸ್ಸು.

ನನ್ನ ಮಗಳು ಚಳ್ಳಕೆರೆಯ ಕಾಲೇಜಿನಲ್ಲಿ ಇತಿಹಾಸ ಓದುತ್ತಾಳೆ. ತುಮಕೂರಿನ ನಿವೃತ್ತ ಮೇಷ್ಟ್ರುಗಳು, ಮೇಡಂಗಳು ಸೇರಿ ಒಂದು ಸಂಘ ಮಾಡಿಕೊಂಡಿದ್ದಾರೆ. ಬಸ್ಸು ಮಾಡಿಕೊಂಡು ಹಳೆಯ ಜಾಗಗಳನ್ನು ನೋಡಲು ಹೋಗುತ್ತಾರೆ. ಮೊಳಕಾಲ್ಮೂರು ಕಡೆಯ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಅಶೋಕನ ಶಾಸನ ಇದೆಯಲ್ಲ, ಅದಕ್ಕೆ ವರ್ಷಕ್ಕೆ ಮೂರು ನಾಲ್ಕು ಗುಂಪು ಬರುತ್ತದೆ. ಆದರೆ ನಮ್ಮ ಚಳ್ಳಕೆರೆಯಲ್ಲಿ ಯಾರೂ ಒಮ್ಮೆಯೂ ಇಳಿದಿರಲಿಲ್ಲ. ಬೈಪಾಸಿನಲ್ಲಿ ಹಾಗೇ ಹಾಯ್ದು ಹೋಗುತ್ತಿದ್ದರು.

ಇದು ಹೀನಾಗೆ ಬಹಳ ಚುಚ್ಚಿತ್ತು. ಸಂಘದ ಮುಖ್ಯಸ್ಥೆ ಸುಲೋಚನಮ್ಮನವರಿಗೆ ಅವಳೇ ಪತ್ರ ಬರೆದಳು. ನಮ್ಮ ಪೇಟೆಗೆ ಬನ್ನಿ, ಊರು ನಾನು ತೋರಿಸುತ್ತೇನೆ, ತಿಂಡಿ ಇಲ್ಲೇ ಮಾಡಿ ಅಂತ. ಆಕೆ ಹೆಡ್‌ಮಿಸ್ ಆಗಿದ್ದವರು, ಉತ್ತರವೂ ಹಾಗೇ ಇತ್ತು. "ಒಂದು ಸಲ ನೋಡೋಣ. ಎಂಟೂ ಕಾಲಿಗೆ ಬರುತ್ತೇವೆ. ವಯಸ್ಸಾದವರು, ಬಿಸಿಲೇರುವ ಮುಂಚೆ ಬೆಟ್ಟ ಹತ್ತಬೇಕು. ಹತ್ತು ಗಂಟೆಗೆ ನಮ್ಮನ್ನು ಬಸ್ಸು ಹತ್ತಿಸಿದರೆ ಮುಂದಿನ ಗುಂಪುಗಳನ್ನೂ ನಿನಗೇ ಒಪ್ಪಿಸುತ್ತೇನೆ. ಇಲ್ಲದಿದ್ದರೆ ನಮಗೆ ಬೈಪಾಸೇ ಸರಿ."

ಹೀನಾ ಆ ಮಾತನ್ನು ಓದಿ ಹೇಳಿದಾಗ ನಾನು ರೊಟ್ಟಿ ತಟ್ಟುತ್ತಿದ್ದೆ.

"ಹತ್ತಕ್ಕೆ ಹೊರಡಿಸೋದು ಏನು ಮಹಾ" ಅಂದೆ.

"ನಮ್ಮೂರಲ್ಲಿ ಅದೇ ಕಷ್ಟ ಅಮ್ಮಿ" ಅಂದಳು. ಇಪ್ಪತ್ತು ವರ್ಷದ ಹುಡುಗಿ ಊರನ್ನು ನನಗಿಂತ ಚೆನ್ನಾಗಿ ಬಲ್ಲಳು ಅಂತ ಆಗ ನನಗೆ ಹೊಳೆಯಲಿಲ್ಲ.

ಒಂದು ವಾರ ಮೊದಲೇ ಮೂರೂ ಅಂಗಡಿಗೆ ಹೋಗಿ ಹೇಳಿ ಬಂದಳು, ನಾನೂ ಜೊತೆಗಿದ್ದೆ. ಇಪ್ಪತ್ತೆರಡು ಜನ ಬರ್ತಾರೆ, ಮೂರು ಕಡೆ ತಿನ್ನಬೇಕು, ಆದ್ದರಿಂದ ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ, ರುಚಿಗೆ ಮಾತ್ರ. ಮುರುಗೇಂದ್ರಪ್ಪನವರ ಹೋಟೆಲಿನಲ್ಲಿ ಒಬ್ಬರಿಗೆ ಅರ್ಧ ಖಾಲಿ ದೋಸೆ.

ಮುರುಗೇಂದ್ರಪ್ಪನವರು ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದರು. ಎಪ್ಪತ್ತೆರಡು ವಯಸ್ಸು. ಅವರಪ್ಪ ಹಾಕಿದ್ದ ಕಲ್ಲಿನ ಮೇಲೇ ಇವತ್ತಿಗೂ ದೋಸೆ ಹುಯ್ಯುತ್ತಾರೆ. ಹೋಟೆಲಿನ ಬೋರ್ಡಿನ ಮೇಲೆ ಯಾವುದೋ ದೇವರ ಹೆಸರಿದೆ, ಅದನ್ನು ಓದಿದವರು ಯಾರೂ ಇಲ್ಲ.

"ಅರ್ಧ ದೋಸೆ ಯಾರಿಗವ್ವ, ಜ್ವರ ಬಂದೋರಿಗಾ?"

"ಅಲ್ಲ ಅಜ್ಜ, ಟೈಮು ಕಮ್ಮಿ ಐತೆ. ಹೊಟ್ಟೇಲಿ ಜಾಗನೂ ಬೇಕಲ್ಲ."

"ಆಗ್ಲವ್ವ, ಆಗ್ಲಿ" ಅಂದರು. ಯರ್ರಮ್ಮನೂ ಆಗ್ಲಿ ಅಂದಳು. ಅಸ್ಲಂ ಎದೆಯ ಮೇಲೆ ಕೈಯಿಟ್ಟು "ನೀನು ಹೇಳಿದಂಗೇ ಬೇಟಿ" ಅಂದ. ನನಗೆ ಸಮಾಧಾನವಾಯಿತು. ಹೀನಾ ಮಾತ್ರ ಮನೆಗೆ ಬರುವವರೆಗೆ ಉಗುರು ಕಚ್ಚುತ್ತಲೇ ಇದ್ದಳು.

ಭಾನುವಾರ ಎಂಟೂ ಹತ್ತಕ್ಕೇ ಬಸ್ಸು ಬಂದು ವೃತ್ತದಲ್ಲಿ ನಿಂತಿತು. ಸುಲೋಚನಮ್ಮನವರು ಮೊದಲು ಇಳಿದರು. ತೆಳ್ಳಗಿನ ಹೆಂಗಸು, ಬಿಳಿಕೂದಲು, ಬಿಗಿದು ಕಟ್ಟಿದ ನೂಲಿನ ಸೀರೆ, ಹೆಗಲಲ್ಲಿ ಉಬ್ಬಿದ ಬಟ್ಟೆಯ ಚೀಲ. ನನ್ನನ್ನು ನೋಡಿ "ನೀವು?" ಅಂದರು.

"ಹೀನಾಳ ತಾಯಿ, ಕೌಸರ್. ನೀರಿನ ಕ್ಯಾನು ಹಿಡ್ಕೊಳ್ಳೋಕೆ ಬಂದೀನ್ರಿ."

ನನ್ನ ಇನ್ನೊಂದು ಕೈಯಲ್ಲೂ ಒಂದು ಚೀಲವಿತ್ತು. ಅದರೊಳಗೆ ಏನಿದೆ ಅಂತ ಹೀನಾ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುರುಗೇಂದ್ರಪ್ಪನವರು ಬೆಂಚುಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಹಾಗೆ ಹೊಳೆಯಿಸಿದ್ದರು. ಎಲ್ಲರೂ ಕೂತರು. ತಟ್ಟೆಗಳು ಬಂದವು. ತಟ್ಟೆಯಲ್ಲಿ ಅರ್ಧ ದೋಸೆ ಇರಲಿಲ್ಲ. ಎರಡೆರಡು ಪೂರಾ ದೋಸೆ, ಮೇಲೆ ಬೆಣ್ಣೆಯ ಉಂಡೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ.

ಹೀನಾ ಕಲ್ಲಿನ ಹತ್ತಿರ ಓಡಿದಳು. "ಅಜ್ಜ, ಅರ್ಧ ಅಂದಿದ್ದೆ."

"ಹೂಂ ಕಣವ್ವ. ಅರ್ಧ ಮಾಡಾಣ ಅಂತಾನೇ ಕತ್ತರಿಸಕ್ಕೆ ಹೋದೆ. ಕೈ ಬರ್ಲಿಲ್ಲ. ತುಮಕೂರಿಂದ ಬಂದೋರ ಮುಂದೆ ಮುರಿದ ದೋಸೆ ಇಡ್ಲಾ? ನಮ್ಮಪ್ಪ ಮೇಲಿಂದ ನೋಡ್ತಾನೆ."

ಅಷ್ಟಕ್ಕೇ ನಿಲ್ಲಲಿಲ್ಲ. ಯಾರ ತಟ್ಟೆ ಖಾಲಿಯಾದರೂ ಮೂರನೆಯದು ಬಂದು ಬೀಳುತ್ತಿತ್ತು. ಯಾರು ಬಿಟ್ಟರೂ ಅವರ ಪಕ್ಕ ನಿಂತು "ಯಾಕ್ರಿ, ಉಪ್ಪು ಹೆಚ್ಚಾಯ್ತಾ?" ಅನ್ನುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ತಿಂದು ಮುಗಿಸುವುದೇ ಸುಲಭ. ಒಬ್ಬ ಗಣಿತದ ಮೇಷ್ಟ್ರು ನಾಲ್ಕು ತಿಂದು ಸೊಂಟದ ಬೆಲ್ಟು ಸಡಿಲ ಮಾಡಿಕೊಂಡರು. ಸುಲೋಚನಮ್ಮನವರು ಮಾತ್ರ ಒಂದನ್ನು ನಿಧಾನವಾಗಿ ತಿಂದು, ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು ಕೂತಿದ್ದರು. ಮುರುಗೇಂದ್ರಪ್ಪನವರು ಅವರ ಅಂಗೈ ಮೇಲೇ ದೋಸೆ ಇಟ್ಟಾರು ಅಂತ ನನಗೆ ಭಯವಾಯಿತು.

ಎದ್ದಾಗ ಒಂಬತ್ತಾಗಿ ಐದು ನಿಮಿಷ.

"ಚೆನ್ನಾಗಿತ್ತು" ಅಂದರು ಸುಲೋಚನಮ್ಮನವರು, ಗಡಿಯಾರ ನೋಡುತ್ತ. ಹೀನಾ ತಲೆಯಾಡಿಸಿ ಮುಂದೆ ನಡೆದಳು. ಅವಳ ದುಪಟ್ಟದ ತುದಿ ಬೆರಳಿಗೆ ಸುತ್ತಿಕೊಂಡಿತ್ತು. ಪರೀಕ್ಷೆಯ ದಿನವೂ ಹಾಗೇ ಸುತ್ತಿಕೊಳ್ಳುತ್ತಾಳೆ.

ಆದರೆ ಪೇಟೆ ಬೀದಿಗೆ ಬಂದ ಮೇಲೆ ಅವಳ ದನಿ ಗಟ್ಟಿಯಾಯಿತು. ಶೇಂಗಾ ಮಿಲ್ಲಿನ ಗೋಡೆಯ ಪಕ್ಕ ನಿಲ್ಲಿಸಿ, "ಕಣ್ಣು ಮುಚ್ಚಿಕೊಂಡು ಒಂದು ಸಲ ಉಸಿರು ಎಳ್ಕೊಳ್ಳಿ" ಅಂದಳು. ಇಪ್ಪತ್ತೆರಡು ಜನ ಹಿರಿಯರು ಬೀದಿಯಲ್ಲಿ ಕಣ್ಣು ಮುಚ್ಚಿ ನಿಂತರು. "ಇದು ಶೇಂಗಾ ಎಣ್ಣೆ ವಾಸನೆ. ಒಂದು ಕಾಲಕ್ಕೆ ಎಣ್ಣೆ ಅಂದ್ರೆ ಮುಂಬೈ, ಅದು ಬಿಟ್ರೆ ಚಳ್ಳಕೆರೆ ಅಂತಿದ್ರು. ನಮ್ಮೂರಿನ ಮಕ್ಕಳು ಹುಟ್ಟಿದಾಗ ಮೊದಲು ಕುಡಿಯೋ ಗಾಳಿ ಇದೇ."

ಹಳೆಯ ಕಂಬಳಿ ಅಂಗಡಿಯ ಮುಂದೆ ಹಲಗೆ ಬಾಗಿಲು ತೋರಿಸಿದಳು. ಹಲಗೆಗಳ ಮೇಲೆ ಒಂದರಿಂದ ಹನ್ನೊಂದರವರೆಗೆ ಕನ್ನಡದ ಅಂಕಿ ಕೆತ್ತಿದೆ. ಬೆಳಿಗ್ಗೆ ತೆಗೆದದ್ದನ್ನು ಸಂಜೆ ಅದೇ ಕ್ರಮದಲ್ಲಿ ಸೇರಿಸಬೇಕು. "ಏಳನೇ ಹಲಗೆ ನೋಡಿ, ಹೊಸದು. ಹಳೇದನ್ನ ಅಂಗಡಿಯ ಅಜ್ಜಿ ತನ್ನ ಮಗಳ ಬಾಣಂತನಕ್ಕೆ ಮಂಚ ಮಾಡಿಸೋಕೆ ತಗೊಂಡು ಹೋದ್ಲಂತೆ. ವಾಪಸ್ ಕೊಡಲಿಲ್ಲ." ಎಲ್ಲರೂ ನಕ್ಕರು. ಸುಲೋಚನಮ್ಮನವರು ಏಳನೇ ಹಲಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಆ ಬೀದಿಯಲ್ಲಿ ನಾನು ಮದುವೆಯಾಗಿ ಬಂದ ದಿನದಿಂದ ತರಕಾರಿ ತಂದಿದ್ದೇನೆ. ಹಲಗೆಯ ಮೇಲೆ ಅಂಕಿಗಳಿವೆ ಅಂತ ನನಗೆ ಗೊತ್ತಿರಲಿಲ್ಲ. ನನ್ನ ಮಗಳು ಯಾವಾಗ ಹೋಗಿ ಯಾರನ್ನು ಕೇಳಿಕೊಂಡು ಬಂದಳೋ. ನೀರಿನ ಕ್ಯಾನು ಆಮೇಲೆ ಭಾರ ಅನ್ನಿಸಲಿಲ್ಲ.

ಯರ್ರಮ್ಮನ ಅಂಗಡಿಗೆ ಬಂದಾಗ ಒಂಬತ್ತೂವರೆ. ಮೊಳಕಾಲ್ಮೂರು ಕಡೆಯ ಹೆಂಗಸು, ಬೆಟ್ಟದ ಬುಡದ ಹಳ್ಳಿಯವಳು. ಮಾತಿಗೊಂದು ತೆಲುಗು ಸೇರಿಸುತ್ತಾಳೆ. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಮಾರಿ ಮೂವರು ಮಕ್ಕಳ ಮದುವೆ ಮಾಡಿದವಳು. ಹೀನಾ ಕೊಟ್ಟು ಹೋಗಿದ್ದ ಪುಟ್ಟ ಕಾಗದದ ಪೊಟ್ಟಣಗಳು ಮೂಲೆಯಲ್ಲಿ ಮಡಿಸಿದ ಹಾಗೇ ಬಿದ್ದಿದ್ದವು. ಬುಟ್ಟಿಯ ತುಂಬ ಮಂಡಕ್ಕಿ, ಬಾಣಲೆಯಲ್ಲಿ ಒಗ್ಗರಣೆ, ಪರಾತದಲ್ಲಿ ಬಜ್ಜಿಯ ಗುಡ್ಡ.

"ಕೂಕ್ರಿ, ಎಲ್ರೂ ಕೂಕ್ರಿ."

ಕೂರಲು ಯಾರಿಗೂ ಆಗುತ್ತಿರಲಿಲ್ಲ. ಗಣಿತದ ಮೇಷ್ಟ್ರು ಆಗಲೇ ಪಕ್ಕದ ಜಗಲಿಯ ಮೇಲೆ ಒರಗಿದ್ದರು. "ತಾಯಿ, ಇನ್ನೊಂದು ಕಾಳು ಒಳಗೆ ಹೋದರೆ ನಾನು ಬೆಟ್ಟ ಹತ್ತೋದಿಲ್ಲ, ಬೆಟ್ಟವೇ ನನ್ನ ಮೇಲೆ ಹತ್ತಬೇಕು" ಅಂದರು.

ಯರ್ರಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಮುರುಗೇಂದ್ರಣ್ಣನ ಹೋಟ್ಲಾಗೆ ಹೊಟ್ಟೆ ತುಂಬ ತಿಂದು, ನನ್ನ ಅಂಗಡಿ ಮುಂದೆ ಬಾಯಿ ಆಡಿಸದೇ ಹೋಗ್ತೀರಾ? ನಾಳೆ ಬೀದಿಯೋರು ನನ್ನ ಏನಂತಾರೆ? ಯರ್ರಮ್ಮನ ಕೈ ಕೆಟ್ಟೋಯ್ತು ಅಂತಾರೆ. ಏಮ್ಮಾ ಹೀನಾ, ನೀನೇ ಹೇಳು."

"ಅವ್ವ, ಒಂದೊಂದು ಹಿಡಿ ಸಾಕು."

"ಒಂದು ಹಿಡಿ ಹಾಕೋದು ಗುಬ್ಬಚ್ಚಿಗೆ."

ಅಷ್ಟರಲ್ಲಿ ಬಜ್ಜಿಯ ತಟ್ಟೆಗಳು ಜನರ ಕೈಗೆ ಬರತೊಡಗಿದವು. ದೊಡ್ಡವರು, ಮರ್ಯಾದಸ್ಥರು, ಬೇಡ ಅನ್ನಲಾರದೆ ಹಿಡಿದುಕೊಂಡು ನಿಂತರು. ಸುಲೋಚನಮ್ಮನವರು ಹೀನಾಳ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಒಂಬತ್ತು ಮೂವತ್ತೇಳು. ನೀನು ಚೆನ್ನಾಗಿ ತೋರಿಸ್ತಿದ್ದೀಯಮ್ಮ. ಆದರೆ ಇವರನ್ನೆಲ್ಲ ಬಿಸಿಲಲ್ಲಿ ಬೆಟ್ಟ ಹತ್ತಿಸೋಳು ನಾನು. ಹತ್ತು ದಾಟಿದರೆ ಬೆಟ್ಟ ಬಿಟ್ಟುಬಿಡಬೇಕು. ಬೆಟ್ಟ ಬಿಟ್ಟರೆ ಮತ್ತೆ ಈ ಊರು ಬೇಡ ಅಂತಾರೆ ಸಂಘದಲ್ಲಿ."

ನಾನು ಎರಡು ಹೆಜ್ಜೆ ಮುಂದಿಟ್ಟೆ. ಯರ್ರಮ್ಮ ನನ್ನ ಮಾತು ಕೇಳುತ್ತಾಳೆ, ಹದಿನೈದು ವರ್ಷದ ಪರಿಚಯ. ಹೀನಾ ನನ್ನ ಕಡೆ ನೋಡಿದಳು. ಸಹಾಯ ಕೇಳುವ ನೋಟವಲ್ಲ, ಸ್ವಲ್ಪ ಇರು ಅನ್ನುವ ನೋಟ. ನಾನು ನಿಂತುಬಿಟ್ಟೆ. ನಿಲ್ಲುವುದು ಕಷ್ಟವಾಯಿತು.

ಅವಳು ಯರ್ರಮ್ಮನ ಬಾಣಲೆಯ ಹತ್ತಿರ ಹೋಗಿ, "ಅವ್ವ, ಇವ್ರೆಲ್ಲ ಜಟಿಂಗ ರಾಮೇಶ್ವರಕ್ಕೆ ಹೊರಟೋರು" ಅಂದಳು.

ಯರ್ರಮ್ಮನ ಸೌಟು ಗಾಳಿಯಲ್ಲೇ ನಿಂತಿತು. "ಇವತ್ತೇ?"

"ಈಗ್ಲೇ. ಇಲ್ಲಿಂದ ನೇರ ಬೆಟ್ಟಕ್ಕೆ."

"ಅಯ್ಯೋ ಪಿಲ್ಲಾ, ಮೊದ್ಲೇ ಹೇಳಬಾರ್ದಾ? ಊರು ನೋಡೋಕೆ ಬಂದೋರು ಅಂದೆ ನೀನು, ಬೆಟ್ಟದ ಸುದ್ದೀನೇ ಎತ್ತಲಿಲ್ಲ." ತಟ್ಟೆಗಳನ್ನು ಒಂದೊಂದಾಗಿ ಎಲ್ಲರ ಕೈಯಿಂದ ವಾಪಸ್ ಇಸಿದುಕೊಂಡಳು. "ಬೆಟ್ಟಕ್ಕೆ ಹೊರಟೋರ್ನ ಕೂರ್ಸಬಾರ್ದು, ದಾರಿ ತಡೀಬಾರ್ದು. ನಮ್ಮೂರಾಗೆ ಅಂಥೋರಿಗೆ ಬುತ್ತಿ ಕಟ್ಟಿಕೊಡ್ತಾರೆ, ಉಣ್ಣೋಕೆ ಹಾಕಲ್ಲ. ಬಿಡಿ, ಬಿಡಿ, ಬಜ್ಜಿ ಇಡಿ ಕೆಳಗೆ."

ಆಗ ನನಗೆ ನೆನಪಾಯಿತು. ನನ್ನ ಅಬ್ಬಾ ಬಡೇಸಾಬರು ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಚಹಾದಂಗಡಿ ಇಟ್ಟಿದ್ದರು. ಶ್ರಾವಣದಲ್ಲಿ ಬೆಟ್ಟಕ್ಕೆ ಹೋಗುವವರು ಬಂದರೆ ಬೆಂಚು ಒರೆಸುತ್ತಿರಲಿಲ್ಲ, ಬನ್ನು ಕಟ್ಟುತ್ತಿದ್ದರು. "ಹೋಗುವ ಕಾಲನ್ನು ಹಿಡಿಯಬಾರದು ಬೇಟಿ, ಕೈಗೆ ಕೊಡಬೇಕು" ಅನ್ನುತ್ತಿದ್ದರು. ಹೀನಾ ಚಿಕ್ಕವಳಿದ್ದಾಗ ಜಡೆ ಹಾಕುತ್ತ ಇದನ್ನು ಅವಳಿಗೆ ಹೇಳಿದವಳು ನಾನೇ. ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ.

ಯರ್ರಮ್ಮನ ಕೈ ಓಡತೊಡಗಿತು. ಮಂಡಕ್ಕಿಯನ್ನು ಬೇರೆ ಚೀಲಕ್ಕೆ ಸುರಿದಳು, ಒಗ್ಗರಣೆಯನ್ನು ಬೇರೆ ಸ್ಟೀಲಿನ ಡಬ್ಬಿಗೆ. ಈರುಳ್ಳಿ, ನಿಂಬೆಹಣ್ಣು, ಹುರಿಗಡಲೆ ಪುಡಿ ಒಂದು ಗಂಟು. "ಈಗ್ಲೇ ಕಲಸಿದ್ರೆ ಮೆತ್ತಗಾಗ್ತೈತೆ. ಬೆಟ್ಟ ಇಳಿದ ಮೇಲೆ ಕಲಸ್ರಿ. ಕೈಯಾಗೆ ಕಲಸ್ಬೇಕು, ಚಮಚ ಮುಟ್ಟಿಸ್ಬೇಡಿ." ಡಬ್ಬಿಯನ್ನು ಸುಲೋಚನಮ್ಮನವರ ಕೈಗೇ ಕೊಟ್ಟಳು. ಅವರು ಎರಡೂ ಕೈಯಲ್ಲಿ ತಗೊಂಡರು. ಹೆಡ್‌ಮಿಸ್ಸಿಗೆ ಯಾರೋ ಹೆಡ್‌ಮಿಸ್ ಸಿಕ್ಕ ಹಾಗಿತ್ತು.

ಒಂಬತ್ತು ನಲವತ್ತೈದು.

ಅಸ್ಲಂ ಚಹಾ ಮಾರುವ ಬೇಕರಿ ವೃತ್ತದ ಹತ್ತಿರವೇ. ಆದರೆ ನಮ್ಮ ಬೀದಿಯಲ್ಲಿ ಸುದ್ದಿ ನಡೆಯುವುದಿಲ್ಲ, ಹಾರುತ್ತದೆ. ನಾವು ತಿರುಗುವಷ್ಟರಲ್ಲಿ ಅಸ್ಲಂ ಮುಖ ಸಣ್ಣ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಭಾಬಿ, ಇದು ನ್ಯಾಯಾನಾ? ಬೆಳಿಗ್ಗೆ ಐದಕ್ಕೆ ಎದ್ದು ಕುರ್ಚಿ ತೊಳೆದೀನಿ. ಈಗ ಕೂರಲ್ಲ, ಬುತ್ತಿ ಕಟ್ಟು ಅಂತೀರಂತೆ."

"ಚಾಚಾ, ಕೂರ್ತಾರೆ" ಅಂದಳು ಹೀನಾ. "ಚಹಾ ಬುತ್ತಿ ಕಟ್ಟೋಕಾಗಲ್ಲ. ಐದು ನಿಮಿಷ. ಆದ್ರೆ ಚಹಾ ಮಾತ್ರ."

"ಚಹಾ ಜೊತೆ ದಿಲ್‌ಪಸಂದು?"

"ಅದು ಕಟ್ಟಿಕೊಡು."

ಅಸ್ಲಂನ ಮುಖ ಅರಳಿತು. ಕೊಬ್ಬರಿ ತುಂಬಿದ ದಿಲ್‌ಪಸಂದನ್ನು ಆಗಲೇ ಎರಡು ಡಬ್ಬಕ್ಕೆ ತುಂಬಿ ಇಟ್ಟುಕೊಂಡಿದ್ದ, ಕಳ್ಳ. ಎಲ್ಲರೂ ತೊಳೆದ ಕುರ್ಚಿಯಲ್ಲಿ ಕೂತು ಏಲಕ್ಕಿ ಚಹಾ ಕುಡಿದರು. ಬಿಸಿ ಚಹಾ ಇಳಿದ ಮೇಲೆ ಗಣಿತದ ಮೇಷ್ಟ್ರಿಗೂ ಜೀವ ಬಂತು.

ಬಸ್ಸು ಹತ್ತುವಾಗ ಒಂಬತ್ತು ಐವತ್ತೈದು. ಹೀನಾ ತಲೆ ಎಣಿಸುತ್ತಿದ್ದಳು. ಆಗ ಮೊಪೆಡ್ಡಿನ ಹಾರನ್ನು ಕೇಳಿಸಿತು. ಮುರುಗೇಂದ್ರಪ್ಪನವರು ಎದುರಿಗೆ ಒಂದು ದೊಡ್ಡ ಬಾಳೆಎಲೆಯ ಗಂಟು ಇಟ್ಟುಕೊಂಡು, ಧೋತ್ರ ಹಾರಿಸಿಕೊಂಡು ಬರುತ್ತಿದ್ದರು.

"ಅಜ್ಜ, ನೀವು ಆಗ್ಲೇ ಹಾಕಿದ್ರಲ್ಲ."

"ಅದು ತಿಂಡಿ. ಇದು ಬುತ್ತಿ, ಮೊಸರನ್ನ. ಯರ್ರಿ ಬುತ್ತಿ ಬೆಟ್ಟಕ್ಕೆ ಹೋಗಿ, ನಂದು ಹೋಗ್ಲಿಲ್ಲ ಅಂದ್ರೆ ನಾನು ಅಂಗಡಿ ಹೆಂಗವ್ವ ತೆಗೀಲಿ?"

ಗಂಟು ಒಳಗೆ ಹೋಯಿತು. ಇನ್ನೂ ಮೂರು ನಿಮಿಷ ಇತ್ತು. ಹೀನಾ ನನ್ನ ಕಡೆ ತಿರುಗಿ ಮೊದಲ ಸಲ ನಕ್ಕಳು. ಆಮೇಲೆ ಅವಳ ಕಣ್ಣು ನನ್ನ ಎಡಗೈಯ ಚೀಲಕ್ಕೆ ಬಿತ್ತು.

"ಅಮ್ಮಿ, ಅದೇನು?"

ನಾನು ಅದನ್ನು ಹಿಂದಕ್ಕೆ ಸರಿಸಿದೆ. ಅವಳೇ ಚೀಲದ ಬಾಯಿ ಬಿಡಿಸಿ ನೋಡಿದಳು. ಶೇಂಗಾ ಹೋಳಿಗೆ, ಮೂವತ್ತು.

"ಎಲ್ರಿಗೂ ಸ್ವಲ್ಪ ಸ್ವಲ್ಪ ಹಾಕ್ರಿ ಅಂತ ವಾರವಿಡೀ ತಿರುಗಿದ್ದು ನಾನು. ನನ್ನ ಜೊತೆ ತಿರುಗಿದ್ದು ನೀನು."

"ಒಂದೊಂದೇ ಅಲ್ಲವೇನೆ" ಅಂದೆ. "ನಿನ್ನ ಜನ ಬರ್ತಾರೆ, ನಾನು ಕೈ ಬೀಸ್ಕೊಂಡು ಬರ್ಲಾ?"

ಕಿಟಕಿಯಿಂದ ಸುಲೋಚನಮ್ಮನವರು ಎಲ್ಲ ಕೇಳಿಸಿಕೊಂಡಿದ್ದರು. "ಅದೂ ಬರಲಿ. ಹೀನಾ ಹೇಗೂ ಬರ್ತಾಳೆ, ನೀವೂ ಹತ್ತಿ ಕೌಸರ್" ಅಂದರು. ಮನೆಯಲ್ಲಿ ತೊಳೆಯದ ಪಾತ್ರೆ ಬಿದ್ದಿದ್ದವು. ನನ್ನ ಗಂಡ ಅಫ್ಸರ್‌ಗೆ ಫೋನು ಮಾಡಿ, ಗ್ಯಾರೇಜಿನಿಂದ ಊಟಕ್ಕೆ ಬಂದಾಗ ಅನ್ನ ಬಿಸಿ ಮಾಡಿಕೊಳ್ಳಿ ಅಂತ ಹೇಳಿ ಹತ್ತಿದೆ. ಹತ್ತಕ್ಕೆ ಬಸ್ಸು ಹೊರಟಿತು.

ಬಿ.ಜಿ. ಕೆರೆ ದಾಟಿ, ಬಂಡೆಗಳ ನಾಡು ಶುರುವಾದ ಮೇಲೆ ಎಲ್ಲರೂ ಕಿಟಕಿಗೆ ಮುಖವಿಟ್ಟರು. ಹನ್ನೊಂದೂವರೆಯ ಹೊತ್ತಿಗೆ ನಾವು ಮೆಟ್ಟಿಲ ಅರ್ಧದಲ್ಲಿದ್ದೆವು, ಗಾಳಿ ಇನ್ನೂ ತಣ್ಣಗಿತ್ತು. ಗಣಿತದ ಮೇಷ್ಟ್ರು ಮೆಟ್ಟಿಲು ಎಣಿಸುವುದನ್ನು ಮಧ್ಯದಲ್ಲೇ ಬಿಟ್ಟುಬಿಟ್ಟರು. ಮೇಲೆ ಶಾಸನದ ಬಂಡೆಯ ಹತ್ತಿರ ಹೀನಾ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡಳು.

"ಅಕ್ಷರ ಬಹಳ ಸವೆದಿವೆ. ಇದಕ್ಕೆ ಈ ಕಡೆ ಬಳೆಗಾರರ ಗುಂಡು ಅಂತಾರೆ. ಜಾತ್ರೇಲಿ ಬಳೆಗಾರರು ಇದರ ಮೇಲೇ ಅಂಗಡಿ ಹೂಡ್ತಿದ್ರಂತೆ. ಚಕ್ರವರ್ತಿಯ ಮಾತು ಕೆಳಗೆ, ಹಸಿರು ಬಳೆ ಮೇಲೆ." ಸ್ವಲ್ಪ ತಡೆದು ಹೇಳಿದಳು. "ನಷ್ಟ ಆಯ್ತು ನಿಜ. ಆದ್ರೆ ತಂದೆ ತಾಯಿ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಗುರುಗಳನ್ನ ಆದರಿಸಬೇಕು ಅಂತ ಇದರಲ್ಲಿ ಬರೆಸಿದ್ದಾನೆ. ನಮ್ಮ ಕಡೆಯೋರು ಅಕ್ಷರ ಉಳಿಸ್ಕೊಳ್ಳಲಿಲ್ಲ. ಮಾತು ಎಷ್ಟು ಉಳಿಸ್ಕೊಂಡಿದ್ದಾರೆ ಅಂತ ನೀವು ಬೆಳಿಗ್ಗೆ ನೋಡಿದ್ರಿ."

ಸುಲೋಚನಮ್ಮನವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು ಮತ್ತೆ ಹಾಕಿಕೊಂಡರು. ನಾನು ಬೇರೆ ಕಡೆ ನೋಡಿದೆ.

ಇಳಿದಾಗ ಎರಡು ಗಂಟೆ, ಎಲ್ಲರಿಗೂ ಹಸಿವು. ಬೆಟ್ಟದ ಬುಡದಲ್ಲಿ ಬೇವಿನ ನೆರಳಿಗೆ ಬುತ್ತಿ ಬಿಚ್ಚಿದೆವು. ಸುಲೋಚನಮ್ಮನವರು ಸೀರೆ ಸಿಕ್ಕಿಸಿಕೊಂಡು ಕೂತು, ಯರ್ರಮ್ಮ ಹೇಳಿದ ಹಾಗೇ ಮಂಡಕ್ಕಿಗೆ ಒಗ್ಗರಣೆ ಸುರಿದು ಕೈಯಲ್ಲಿ ಕಲಸಿದರು. ಯಾರೋ ಚಮಚ ಚಾಚಿದರು. "ಮುಟ್ಟಿಸಬೇಡಿ" ಅಂದರು. ಮೊಸರನ್ನ ಹೋಯಿತು, ದಿಲ್‌ಪಸಂದು ಹೋಯಿತು. ಮೂವತ್ತು ಹೋಳಿಗೆಯಲ್ಲಿ ಚಾಲಕನಿಗೆ ತೆಗೆದಿಟ್ಟ ಎರಡು ಉಳಿದವು.

ಸಂಜೆ ಚಳ್ಳಕೆರೆ ಹತ್ತಿರವಾದಾಗ ರಸ್ತೆ ಎರಡಾಗುವ ಕಡೆ ಚಾಲಕ ವೇಗ ಇಳಿಸಿದ. ನಮ್ಮನ್ನು ಅಲ್ಲೇ ಇಳಿಸುವುದು ಅಂತ ಬೆಳಿಗ್ಗೆಯೇ ಮಾತಾಗಿತ್ತು. ಅಲ್ಲಿಂದ ಮನೆಗೆ ಆಟೋ ಸಿಗುತ್ತದೆ. ಹೀನಾ ಚೀಲ ಎತ್ತಿಕೊಂಡಳು. ಅವಳು ಏನನ್ನೂ ಕೇಳಿರಲಿಲ್ಲ. ದಾರಿಯುದ್ದಕ್ಕೂ ಕೇಳಬೇಕು ಅಂತ ಬಾಯಿ ತೆರೆದು, ಮುಚ್ಚಿಕೊಂಡಿದ್ದನ್ನು ನಾನು ನೋಡಿದ್ದೆ.

"ಮೇಡಂ, ಬೈಪಾಸೇ ತಾನೇ?" ಅಂದ ಚಾಲಕ.

"ಊರೊಳಗೆ ಹೋಗಪ್ಪ" ಅಂದರು ಸುಲೋಚನಮ್ಮನವರು. "ಡಬ್ಬಿ ವಾಪಸ್ ಕೊಡಬೇಕು."

ಆಮೇಲೆ ಅವರು ತಮ್ಮ ಉಬ್ಬಿದ ಬಟ್ಟೆಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ತೆರೆದರು. ಒಳಗೆ ದೊಡ್ಡದೊಂದು ಪೊಟ್ಟಣ, ಮನೆಯಲ್ಲಿ ಕರಿದ ನಿಪ್ಪಟ್ಟು. ಯರ್ರಮ್ಮನ ಡಬ್ಬಿಯನ್ನು ಒರೆಸಿ ಅದರೊಳಗೆ ಒಂದೊಂದಾಗಿ ಜೋಡಿಸತೊಡಗಿದರು.

"ಹಿರಿಯೂರು ದಾಟಿದ ಮೇಲೆ ತಿನ್ನೋಕೆ ಏನೂ ಸಿಗಲ್ಲ ಅಂತ ತಂದಿದ್ದೆ" ಅಂದರು, ನನ್ನ ಕಡೆ ನೋಡದೆ. "ಇಷ್ಟು ವರ್ಷ ಪ್ರತಿ ಸಲವೂ ತರ್ತಿದ್ದೆ. ಖಾಲಿ ಡಬ್ಬಿ ಹೇಗೆ ಕೊಡೋದು?" ನಂತರ ಹೀನಾಳಿಗೆ, "ಮುಂದಿನ ತಿಂಗಳು ಹತ್ತೊಂಬತ್ತು ಜನ. ಮನೆಯಲ್ಲಿ ಯಾರೂ ತಿಂಡಿ ತಿಂದು ಬರಬಾರದು ಅಂತ ನಾನೇ ಪತ್ರ ಬರೀತೀನಿ. ಆ ದೋಸೆ ಅಜ್ಜನಿಗೆ ಮಾತ್ರ ನೀನೇ ಹೇಳಬೇಕು."

"ಏನಂತ ಹೇಳ್ಲಿ ಮೇಡಂ?"

"ಬೆಟ್ಟಕ್ಕೆ ಹೊರಟವರು ಅಂತ ಮೊದಲೇ ಹೇಳು."

ನಾವು ಹೋದಾಗ ಯರ್ರಮ್ಮ ಬಾಣಲೆ ತೊಳೆದು ಬೋರಲು ಹಾಕುತ್ತಿದ್ದಳು. ಡಬ್ಬಿ ತೆರೆದು ಒಂದು ನಿಪ್ಪಟ್ಟು ಮುರಿದು ಬಾಯಿಗೆ ಹಾಕಿಕೊಂಡಳು. ಅಂಗಡಿಯ ಮುಂದೆ ಇಪ್ಪತ್ತೆರಡು ಜನ ಅವಳ ದವಡೆಯನ್ನೇ ನೋಡುತ್ತ ನಿಂತರು.

"ಪರವಾಗಿಲ್ಲ" ಅಂದಳು. "ಖಾರ ಸ್ವಲ್ಪ ಕಮ್ಮಿ ಐತೆ. ಇನ್ನೊಂದು ಸಲ ಬಂದಾಗ ಮೆಣಸಿನಕಾಯಿ ನಾನು ಕೊಡ್ತೀನಿ."

ಸುಲೋಚನಮ್ಮನವರು ಒಪ್ಪಿಗೆ ಎಂಬಂತೆ ತಲೆ ಬಾಗಿಸಿದರು. ಹೀನಾ ನನ್ನ ಕೈಯಿಂದ ಖಾಲಿಯಾದ ನೀರಿನ ಕ್ಯಾನು ಇಸಿದುಕೊಂಡು, ಹಲಗೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿದ್ದ ಬೀದಿಯಲ್ಲಿ ನನಗಿಂತ ಮುಂದೆ ನಡೆದಳು. ಏಳನೇ ಹಲಗೆ ಎಲ್ಲಿದೆ ಅಂತ ಈಗ ನನಗೂ ಗೊತ್ತು.